ಸಾಕಮ್ಮ

ಆ ರಾಗಕ್ಕೆ ತಮ್ಮ ಇಟ್ಟ ಹೆಸರು ಸಾಕಮ್ಮ. ಸಾಲಾಗಿ ಹೆಣ್ಣು ಹುಟ್ಟಿ ಬೇಸತ್ತವರು, ದೇವರೇ ಇನ್ನು ಸಾಕು ಎಂದು ಕೊನೆಯವಳಿಗೆ ಇಡುತ್ತಿದ್ದ ಹೆಸರು ಅದು. ಇವನು ಇಟ್ಟದ್ದು ತಮಾಷೆಗೆ. ವರ್ಷಕ್ಕೊಮ್ಮೆ ವಿಡಿಯೋ ಗೇಮ್‌ಗಳಿಗೆ ಪ್ರಶಸ್ತಿ ಕೊಡುವ ದೊಡ್ಡ ಸಮಾರಂಭವೊಂದಿದೆ. ಗೆದ್ದವರು ವೇದಿಕೆ ಹತ್ತಿ ಮಾತು ಬೆಳೆಸಿದರೆ, ‘ಸಾಕಮ್ಮಾ, ಕೆಳಗಿಳಿ’ ಎಂದು ಬಾಯಿಬಿಟ್ಟು ಹೇಳುವುದು ಮರ್ಯಾದೆಯಲ್ಲವಲ್ಲ. ಅದಕ್ಕೆ ಸಂಗೀತ ಹಾಕುತ್ತಾರೆ. ಆ ಸಲ ಅದನ್ನು ಮಾಡಿಕೊಡುವ ಕೆಲಸ ತಮ್ಮನಿಗೆ ಸಿಕ್ಕಿತ್ತು.

ತಮ್ಮ ಅಂದರೆ ಒಡಹುಟ್ಟಿದ ತಮ್ಮನೇ. ಅಕ್ಕ ಒಂದು ಸಣ್ಣ ಗೇಮ್ ಕಂಪನಿಯಲ್ಲಿ ಕಥೆ ಬರೆಯುವವಳು. ಪಾರ್ಟಿಗಳಲ್ಲಿ ಕೀಬೋರ್ಡ್ ಬಾರಿಸಿಕೊಂಡು ಬೀದಿ ಸುತ್ತುತ್ತಿದ್ದವನನ್ನು ಕೈಹಿಡಿದು ಎಳೆದುಕೊಂಡು ಹೋಗಿ, “ಸೋಮಾರಿ, ಆದ್ರೆ ಕಿವಿ ಚಿನ್ನ” ಎಂದು ಹೇಳಿ ಅಲ್ಲಿ ಕೂರಿಸಿದವಳು ಅವಳೇ. ಅವರೆಲ್ಲ ಸೇರಿ ಮಾಡಿದ್ದು ದೋಣಿ ನಡೆಸುವ ಮುದುಕಿಯೊಬ್ಬಳ ಆಟ. ಗುಂಡು ಹಾರಿಸುವುದಿಲ್ಲ, ಯಾರನ್ನೂ ಸಾಯಿಸುವುದಿಲ್ಲ. ಆಡುವವರು ಹುಟ್ಟು ಹಾಕಬೇಕು, ದೋಣಿಯಲ್ಲಿ ಕೂತವರು ತಮ್ಮ ಕಷ್ಟ ಹೇಳಿಕೊಳ್ಳುವುದನ್ನು ಕೇಳಬೇಕು, ಅಷ್ಟೇ. ಅಕ್ಕ ಬರೆದ ಮಾತಿಗೆ ತಮ್ಮ ಹಾಕಿದ ಕೊಳಲಿಗೊಂದು ಗುಣವಿತ್ತು. ಯಾರಾದರೂ ಮಾತು ಶುರು ಮಾಡಿದರೆ ಅದು ತಗ್ಗುತ್ತಿತ್ತು. ಮಾತಾಡುವವರು ಉಸಿರು ತೆಗೆದುಕೊಂಡಾಗ ಎರಡೇ ಸ್ವರ ಇಣುಕಿ, ಮಾತು ಮುಂದುವರಿದ ಕೂಡಲೇ ಹಿಂದೆ ಸರಿಯುತ್ತಿತ್ತು. ಆಫೀಸಿನಲ್ಲಿ ಇದಕ್ಕೆ ‘ದಾರಿ ಬಿಡೋದು’ ಎನ್ನುತ್ತಿದ್ದರು. ‘ಆಡುವಾಗ ಯಾರೋ ಪಕ್ಕದಲ್ಲಿ ಕೂತು ನನ್ನ ಮಾತೂ ಕೇಳಿಸಿಕೊಂಡ ಹಾಗಾಯ್ತು’ ಎಂದು ಗುರುತಿಲ್ಲದ ಜನ ಬರೆದು ಕಳಿಸಿದರು. ಅಕ್ಕ ಅವನ್ನು ಓದಿ ಹೇಳುವಾಗ ತಮ್ಮ ಕಿಟಕಿಯ ಕಡೆ ಮುಖ ತಿರುಗಿಸಿ ಕೂರುತ್ತಿದ್ದ. ಹೊಗಳಿಕೆಗೆ ನಾಚುವ ಜಾತಿ.

ಸಾಕಮ್ಮನನ್ನು ಮಾಡಲು ಅವನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಅದೇ ಕೊಳಲು, ಅದೇ ಎರಡು ಸ್ವರ. ಗುಣವನ್ನು ಮಾತ್ರ ತಿರುವಿಹಾಕಿದ. ಕೊಟ್ಟ ಹೊತ್ತು ಮೀರಿದರೆ, ಮಾತಾಡುವವರು ಉಸಿರು ತೆಗೆದುಕೊಂಡ ಕೂಡಲೇ ಒಳಗೆ ನುಗ್ಗುತ್ತದೆ, ಆಮೇಲೆ ಹಿಂದೆ ಸರಿಯುವುದಿಲ್ಲ. ಪ್ರತಿ ಉಸಿರಿಗೂ ಒಂದೊಂದು ಮೆಟ್ಟಿಲು ಏರುತ್ತದೆ. ಕೇಳಲು ಎಷ್ಟು ಹಿತವೆಂದರೆ, ಕತ್ತು ಹಿಡಿದು ದಬ್ಬುತ್ತಿದ್ದಾರೆ ಎಂದು ದಬ್ಬಿಸಿಕೊಂಡವರಿಗೂ ತಿಳಿಯಬಾರದು. ಕೆಲಸ ಒಪ್ಪಿಸಿದ ದಿನ ಅವನಿಗೆ ತನ್ನ ಬುದ್ಧಿಯ ಮೇಲೆ ಮುದ್ದು ಬಂದಿತ್ತು.

ಅಕ್ಕನಿಗೆ ಮಾತ್ರ ಹೇಳಲಿಲ್ಲ. ಯಾರಿಗೂ ಹೇಳಬಾರದೆಂದು ಸಮಾರಂಭದವರು ಬರೆಸಿಕೊಂಡಿದ್ದರು, ನಿಜ. ಆದರೆ ಅವನು ಹೆದರಿದ್ದು ಅವಳ ಬಾಯಿಗೆ. ಆ ಸಮಾರಂಭ ಕಂಡರೆ ಅವಳಿಗೆ ಮೈಯೆಲ್ಲ ಉರಿ. “ಅದೇನು ಪ್ರಶಸ್ತಿಯೋ! ಪೂರ್ತಿ ಹೊತ್ತು ಮುಂದೆ ಬರೋ ಗೇಮ್‌ಗಳ ಜಾಹೀರಾತು. ಮಾಡಿದೋರು ಬಾಯಿ ತೆಗೆಯೋಕೆ ಪುರುಸೊತ್ತಿಲ್ಲ. ಮದುವೆ ಗಡಿಬಿಡೀಲಿ ತಾಳಿ ಕಟ್ಟೋದೇ ಮರೆತ್ರಂತೆ” ಎಂದು ಊಟದ ಹೊತ್ತಿಗೆಲ್ಲ ಅವರನ್ನು ಹುರಿದು ಮುಕ್ಕುತ್ತಿದ್ದಳು.

ಅಂಥವಳ ಆಟವೇ ‘ಉತ್ತಮ ಕಥೆ’ ಪ್ರಶಸ್ತಿಯ ಪಟ್ಟಿಗೆ ಬಂತು. ಆ ದಿನ ಅಕ್ಕನ ಮುಖ ನೋಡಬೇಕಿತ್ತು. ಬೈದವರೇ ಮೊದಲು ಹಲ್ಲು ಕಿರಿಯುವುದು. ಅದರಲ್ಲಿ ತಪ್ಪೇನೂ ಇಲ್ಲ, ಕರೆದರೆ ಬೇಡವೆನ್ನುವ ಹೊಟ್ಟೆ ಯಾರಿಗಿದೆ? ಕಂಪನಿಯ ಯಜಮಾನ ಮೇಜಿನ ಮೇಲೆ ಕೇಕ್ ಕತ್ತರಿಸಿ, “ಇದೊಂದು ಬಂದ್ರೆ ನಮ್ಮನ್ನ ಹಿಡಿಯೋರಿಲ್ಲ” ಎಂದ. ಕೋಡ್ ಬರೆಯುವ ಉದ್ದಣ್ಣ ಮಾತ್ರ, “ಆಡಿ ಅಳೋರು ಆಗಲೇ ಅತ್ತಾಯ್ತು. ಅವರಿಗೆ ಈ ಕಂಚಿನ ಗೊಂಬೆಯಿಂದ ಆಗೋದೇನು?” ಎಂದು ಕೇಕಿಗೆ ಕೈ ಹಾಕಿದ. ಅವನ ಮಾತಿಗೆ ಎಲ್ಲರೂ ನಕ್ಕರು.

ಸಮಾರಂಭದ ಹಿಂದಿನ ವಾರ ಯಜಮಾನ ಎಲ್ಲರನ್ನೂ ತನ್ನ ಕೋಣೆಗೆ ಕರೆದ. ಕೂರಲು ಹೇಳಲಿಲ್ಲ, ಅಷ್ಟು ಕುರ್ಚಿಯೂ ಇರಲಿಲ್ಲ. ಕಂಪನಿಯನ್ನು ದೊಡ್ಡವರೊಬ್ಬರು ಕೊಳ್ಳುತ್ತಿದ್ದಾರೆ, ಅವರಿಗೆ ಬೇಕಾದ್ದು ಆಟ, ಅದನ್ನು ಮಾಡಿದವರಲ್ಲ ಎಂದ. ತಿಂಗಳ ಕೊನೆಗೆ ಎಲ್ಲರೂ ಹೊರಗೆ. “ಸಮಾರಂಭ ಮುಗಿಯೋ ತನಕ ಯಾರೂ ಬಾಯಿ ಬಿಡಬೇಡಿ. ಸುದ್ದಿ ಆಚೆ ಹೋದ್ರೆ ಮಾರಾಟ ನಿಲ್ಲುತ್ತೆ. ಪ್ರಶಸ್ತಿ ಬಂದ್ರೆ ನಿಮ್ಮ ಹೆಸರಿಗೂ ಒಳ್ಳೇದಲ್ವಾ?” ಎಂದು ಬೆನ್ನು ಬೇರೆ ತಟ್ಟಿದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಇದಕ್ಕೇ. ಉದ್ದಣ್ಣನಿಗೆ ಆಗಷ್ಟೇ ಎರಡನೇ ಮಗು ಹುಟ್ಟಿತ್ತು. ಅವನು ಗೋಡೆಗೆ ಒರಗಿಕೊಂಡು ನೆಲ ನೋಡುತ್ತ ನಿಂತ.

ಅಕ್ಕ ಹೊರಗೆ ಮೆಟ್ಟಿಲ ಮೇಲೆ ಕೂತು ತಮ್ಮನಿಗೆ ಮಾತ್ರ ಹೇಳಿದಳು.

“ಪ್ರಶಸ್ತಿ ಬಂದ್ರೆ ಹತ್ತೋಳು ನಾನು ತಾನೇ? ಅಲ್ಲೇ ಹೇಳ್ತೀನಿ. ಇದನ್ನ ಮಾಡಿದೋರನ್ನೆಲ್ಲ ತೆಗೆದು ಹಾಕಿದ್ದಾರೆ ಅಂತ, ಎಲ್ಲರ ಎದುರಿಗೆ. ಗೇಮ್ ಆಡೋ ಜನ ಲೋಕದಲ್ಲಿ ಎಲ್ಲೆಲ್ಲಿದ್ದಾರೋ ಅಷ್ಟೂ ಜನ ನೋಡ್ತಿರ್ತಾರೆ ಕಣೋ. ನಮ್ಮ ಮುದುಕಿ ಕಥೆ ಕೇಳಿ ಅತ್ತೋರು ಸುಮ್ನಿರ್ತಾರಾ? ಕೊಳ್ಳೋನಿಗೂ ನಾಚಿಕೆ ಆಗ್ಬೇಕು, ನಮ್ಮನ್ನ ಉಳಿಸ್ಕೋಬೇಕು. ಆ ಸಮಾರಂಭದಿಂದ ಏನಾದ್ರೂ ಉಪಯೋಗ ಆಗೋದಿದ್ರೆ ಅದೊಂದೇ.”

ತಮ್ಮ ಅವಳ ಕಡೆ ತಿರುಗಿದ. “ಅಕ್ಕಾ, ಹಾಗಾದ್ರೆ ಹತ್ತಿದ ಕೂಡ್ಲೇ ಹೇಳ್ಬಿಡು. ಮೊದಲನೇ ಮಾತೇ ಅದು.”

“ಹುಚ್ಚಾ, ಕಥೆ ಬರೆಯೋಳಿಗೆ ಹೇಳಿಕೊಡ್ತೀಯಾ? ಮೊದ್ಲು ಒಬ್ಬೊಬ್ಬರ ಹೆಸರೂ ಹೇಳ್ತೀನಿ. ಜನ ಚಪ್ಪಾಳೆ ತಟ್ಟಲಿ. ಕೊನೆಗೆ, ಇವರಲ್ಲಿ ಒಬ್ಬರಿಗೂ ಈಗ ಕೆಲಸ ಇಲ್ಲ ಅಂದ್ರೆ ಆ ಚಪ್ಪಾಳೆ ಕೈಯಲ್ಲೇ ಸಿಕ್ಕೊಳ್ಳುತ್ತೆ. ಮೊದಲೇ ಹೇಳಿದ್ರೆ ಯಾರಿಗೆ ತಟ್ಟುತ್ತೆ?”

“ಟೈಮ್ ಕೊಡಲ್ಲ ಅಂತಾರೆ. ಸಂಗೀತ ಹಾಕ್ತಾರಂತೆ.”

“ಹಾಕ್ಲಿ ಬಿಡು. ನನ್ನ ಗಂಟಲು ನಿಂಗೆ ಗೊತ್ತಿಲ್ವಾ? ಅದರ ಅಪ್ಪನ ಮೇಲೆ ಕೂಗ್ತೀನಿ.”

ಅದರ ಅಪ್ಪ ಪಕ್ಕದಲ್ಲೇ ಕೂತಿದ್ದ. ಅದು ನಾನು ಮಾಡಿದ್ದು, ಅದರ ಮೇಲೆ ಕೂಗಲಾಗದ ಹಾಗೆ ಮಾಡಿದ್ದು ಎಂಬ ಒಂದು ಮಾತು ಅವನ ಬಾಯಿಯವರೆಗೂ ಬಂತು. ಅಕ್ಕ ಬೈಯುತ್ತಾಳೆ ಎಂದು ನುಂಗಿಕೊಂಡ. ಆ ಬೈಗುಳ ತಿಂದಿದ್ದರೆ ಎಷ್ಟು ಜನರ ಅನ್ನ ಉಳಿಯುತ್ತಿತ್ತೋ! ಹೇಡಿಗೆ ಬೈಗುಳವೇ ಬೆಟ್ಟ.

ಪ್ರಶಸ್ತಿ ಬಂತು. ಸಭಾಂಗಣದ ಹಿಂದಿನ ಸಾಲಿನಲ್ಲಿ, ಬಾಡಿಗೆ ಕೋಟು ಹಾಕಿಕೊಂಡು ತಮ್ಮ ಕೂತಿದ್ದ. ಅಕ್ಕ ಮೆಟ್ಟಿಲು ಹತ್ತಿ, ಕಂಚಿನ ಗೊಂಬೆಯನ್ನು ಕಂಕುಳಲ್ಲಿ ಸಿಗಿಸಿಕೊಂಡು, ಒಂದೊಂದೇ ಹೆಸರು ಹೇಳತೊಡಗಿದಳು. ಬಣ್ಣ ಹಾಕಿದವಳು. ನೀರು ಹರಿಯುವಂತೆ ಮಾಡಿದವನು. ಉದ್ದಣ್ಣನನ್ನು ಅವನ ಪೂರ್ತಿ ಹೆಸರು ಹಿಡಿದು ಕರೆದಳು. ಆ ಹೆಸರು ಆಫೀಸಿನವರಿಗೇ ಮರೆತುಹೋಗಿತ್ತು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಯಜಮಾನ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದ. ಅವಳು ಅಂದುಕೊಂಡಂತೆಯೇ ಎಲ್ಲವೂ ನಡೆಯುತ್ತಿತ್ತು.

“ಕೊನೇದಾಗಿ, ಈ ಆಟಕ್ಕೆ ಉಸಿರು ಕೊಟ್ಟವನು, ನನ್ನ ತಮ್ಮ...” ಎಂದು ಅಕ್ಕ ಉಸಿರು ತೆಗೆದುಕೊಂಡಳು.

ಆ ಉಸಿರಿಗೆ ಕೊಳಲು ಬಂತು. ಎರಡು ಸ್ವರ.

ಅಕ್ಕ ಮಾತು ನಿಲ್ಲಿಸಿ ತಲೆಯೆತ್ತಿದಳು. ಅವಳು ನೋಡಿದ್ದು ಜನರನ್ನಲ್ಲ, ಮೇಲೆ ತೂಗುಹಾಕಿದ್ದ ಸ್ಪೀಕರನ್ನು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ವರ್ಷಗಟ್ಟಲೆ ತನ್ನ ಮಾತಿಗೆ ದಾರಿ ಬಿಟ್ಟ ಕೊಳಲನ್ನು ಅವಳು ಗುರುತಿಸದೆ ಇರುತ್ತಾಳೆಯೇ? ಅಭ್ಯಾಸಬಲದಿಂದ ಒಂದು ಗಳಿಗೆ ಕಾದಳು, ಈಗ ಅದು ಹಿಂದೆ ಸರಿಯುತ್ತದೆ ಎಂದು. ಅದು ಸರಿಯಲಿಲ್ಲ. “ಇವರು ಯಾರಿಗೂ” ಎಂದಳು. ಕೊಳಲು ಮೆಟ್ಟಿಲು ಏರಿತು, ಹಿಂದೆಯೇ ಪಿಟೀಲುಗಳು ಏರಿದವು. ತುಟಿ ಆಡಿದ್ದಷ್ಟೇ ಕಂಡಿತು. ಅವಳ ಗಂಟಲು ದೊಡ್ಡದು, ಕೂಗಬಹುದಿತ್ತು; ಕೂಗಲೆಂದೇ ಹತ್ತಿದ್ದಳು. ಆದರೆ ಅವಳ ಕಣ್ಣು ಸ್ಪೀಕರಿನಿಂದ ಇಳಿದು ಹಿಂದಿನ ಸಾಲುಗಳನ್ನು ಹುಡುಕಿ ತಮ್ಮನ ಮೇಲೆ ನಿಂತಿತು. ಅವನು ತಲೆ ತಗ್ಗಿಸಿದ. ತಗ್ಗಿಸಿದ್ದೇ ಉತ್ತರವಾಯಿತು. ಅಕ್ಕ ಬಾಯಿ ಮುಚ್ಚಿಕೊಂಡು, ಗೊಂಬೆಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಇಳಿದುಬಿಟ್ಟಳು. ಅವಳು ಕೆಳಗಿನ ಮೆಟ್ಟಿಲು ತಲುಪುವ ಮುಂಚೆಯೇ ಪರದೆಯ ಮೇಲೆ ಮುಂದಿನ ವರ್ಷ ಬರುವ ಯುದ್ಧದ ಆಟವೊಂದರ ಜಾಹೀರಾತು ಶುರುವಾಗಿತ್ತು. ಅದನ್ನು ಯಾರೂ ಸಂಗೀತ ಹಾಕಿ ಇಳಿಸಲಿಲ್ಲ.

ಆಮೇಲೆ ಆಗಬೇಕಾದ್ದೆಲ್ಲ ಆಯಿತು. ಮಾರಾಟವಾಯಿತು. ಕಂಚಿನ ಗೊಂಬೆ, ಕಂಪನಿ ಕೊಂಡವರ ಗಾಜಿನ ಕಪಾಟು ಸೇರಿತು. ಆಟದ ಚಿತ್ರದ ಮೇಲೆ ‘ಪ್ರಶಸ್ತಿ ವಿಜೇತ’ ಎಂಬ ಚಿನ್ನದ ಬಿಲ್ಲೆ ಬಿತ್ತು, ಕೊಳ್ಳುವವರೂ ಹೆಚ್ಚಾದರು. ಮಾಡಿದವರನ್ನೆಲ್ಲ ತೆಗೆದರೆಂಬ ಸುದ್ದಿಯನ್ನು ಉದ್ದಣ್ಣ ಅಲ್ಲಿ ಇಲ್ಲಿ ಬರೆದ. ಆಡುವವರು ಒಂದಿಷ್ಟು ಅಯ್ಯೋ ಅಂದು ಬೇರೆ ಆಟಕ್ಕೆ ಹೋದರು. ಅವರನ್ನು ಬೈದು ಫಲವಿಲ್ಲ, ಹೇಳಬೇಕಾದ ಗಳಿಗೆಯಲ್ಲಿ ಅವರ ಕಿವಿಗೆ ಬಿದ್ದದ್ದು ಕೊಳಲು. ‘ಭಾಷಣ ನಿಲ್ಲಿಸೋಕೆ ಹಾಕಿದ ಆ ಟ್ಯೂನ್ ಎಷ್ಟು ಚೆನ್ನಾಗಿದೆ, ಎಲ್ಲಿ ಸಿಗುತ್ತೆ?’ ಎಂದು ಕೇಳಿದವರೇ ಹೆಚ್ಚು.

ಒಂದು ದಿನ ಸಮಾರಂಭದವರು ಫೋನ್ ಮಾಡಿದರು. ಎಲ್ಲರಿಗೂ ಬಹಳ ಹಿಡಿಸಿದೆ, ಒಬ್ಬರೂ ಅದರ ಮೇಲೆ ಮಾತಾಡಲಿಲ್ಲ, ಮುಂದಿನ ಸಲಕ್ಕೂ ನೀವೇ ಮಾಡಿ, ಸ್ವಲ್ಪ ಇನ್ನೂ ಬೇಗ ಶುರುವಾಗಲಿ ಎಂದರು. ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ ತಮ್ಮ ಆಗಲಿ ಎಂದುಬಿಟ್ಟ. ಅಂದ ಮೇಲೆ ಅನ್ನ ಸೇರಲಿಲ್ಲ. ಮಧ್ಯಾಹ್ನ ಅಕ್ಕನ ಮನೆಗೆ ಹೋದ.

ಅಕ್ಕ ಇಸ್ತ್ರಿ ಹಾಕುತ್ತಿದ್ದಳು. “ಬಾ, ಕೂತ್ಕೋ” ಎಂದಳು. ಕಾಫಿ ಬೇಕಾ ಎಂದು ಕೇಳಲಿಲ್ಲ.

“ಅಕ್ಕಾ, ನಿಂಗೊಂದು ಮಾತು ಹೇಳ್ಬೇಕು. ನೋಡು, ನಾನು ಅದನ್ನ ಮಾಡಿದಾಗ ನಮ್ಮ ಗೇಮ್ ಪಟ್ಟೀಲೇ ಇರ್ಲಿಲ್ಲ. ಆಮೇಲೆ ಹೇಳೋಣ ಅಂದ್ರೆ, ಅವರು ಬೇರೆ ಬರೆಸ್ಕೊಂಡಿದ್ರು. ನೀನೂ ಆವತ್ತು ಮೊದಲೇ ಹೇಳಿದ್ದಿದ್ರೆ...”

“ಹೆಸರೇನಿಟ್ಟಿದ್ದೆ ಅದಕ್ಕೆ?” ಅಕ್ಕ ಅಂಗಿಯ ಕಾಲರು ತಿರುವಿದಳು.

ಅವನು ತಡವರಿಸಿದ. “ಸಾಕಮ್ಮ.”

ಅಕ್ಕ ನಕ್ಕಳು. ಜೋಕ್ ಚೆನ್ನಾಗಿತ್ತು, ನಗದೆ ಇರಲಾಗಲಿಲ್ಲ, ಕಥೆ ಬರೆಯುವವಳಲ್ಲವೇ. ನಗು ನಿಂತ ಮೇಲೆ ಕಣ್ಣು ಒರೆಸಿಕೊಂಡು ಇನ್ನೊಂದು ಅಂಗಿ ಎತ್ತಿಕೊಂಡಳು.

“ಅಕ್ಕಾ, ನಾನು...” ಎಂದು ತಮ್ಮ ಉಸಿರು ತೆಗೆದುಕೊಂಡ.

ಅಕ್ಕ ತಲೆ ಎತ್ತದೆ, ಬಾಯಿ ಮುಚ್ಚಿಕೊಂಡೇ ಗುನುಗಿದಳು. ಎರಡು ಸ್ವರ. ತಪ್ಪಾಯ್ತು ಎನ್ನಲು ಅವನು ಮತ್ತೊಮ್ಮೆ ಬಾಯಿ ತೆರೆದ. ಗುನುಗು ಒಂದು ಮೆಟ್ಟಿಲು ಏರಿತು. ಅವನು ಕಾದ, ಅದು ದಾರಿ ಬಿಡಲೆಂದು. ಅಕ್ಕ ಇಸ್ತ್ರಿಪೆಟ್ಟಿಗೆ ಒತ್ತುತ್ತ, ಒಂದು ಸ್ವರವೂ ತಪ್ಪದಂತೆ, ಅವನ ಪ್ರತಿ ಉಸಿರಿಗೂ ಏರಿಸುತ್ತಲೇ ಹೋದಳು. ಅದರ ಮೇಲೆ ಮಾತಾಡಿ ಗೆದ್ದವರು ಇಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ತಮ್ಮ ಎದ್ದು, ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದ.