ಯಮನಮ್ಮನ ಕುರಿ ಮತ್ತು ಸಣ್ಣ ದುರ್ಬೀನು

ಮಾಳಿಂಗಪ್ಪ ನನ್ನ ಕಾಕನ ಮಗ, ನನಗಿಂತ ನಾಲ್ಕು ವರ್ಷ ಸಣ್ಣವನು. ಹದಿನೇಳು ವರ್ಷ ಫೌಜಿನಲ್ಲಿದ್ದು ಬಂದು, ರಾಯಚೂರಿನ ರೈಫಲ್ ಕ್ಲಬ್ಬಿನಲ್ಲಿ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದ. ಅಲ್ಲಿ ಎಲ್ಲರೂ ಅವನನ್ನು ಉಸ್ತಾದ ಎನ್ನುತ್ತಿದ್ದರು. ಊರಿನಲ್ಲಿ ನಾವು ಹೆಸರು ಹಿಡಿದು ಕರೆದರೆ ಒಂದು ಗಳಿಗೆ ತಡೆದು ತಿರುಗಿ ನೋಡುತ್ತಿದ್ದ. ಉಸ್ತಾದ ಎಂಬ ಹೆಸರು ಅವನಿಗೆ ಅಷ್ಟು ಒಗ್ಗಿಹೋಗಿತ್ತು.

ಎಪ್ಪತ್ತೊಂಬತ್ತರ ದೀಪಾವಳಿ ಹೊತ್ತಿಗೆ ಕ್ಲಬ್ಬಿನವರು ಒಂದು ಮಾತು ಹೇಳಿದರು. ಮಾಘದಲ್ಲಿ ಮುನ್ನೂರು ಗಜದ ಪಂದ್ಯ, ಬಂದೂಕಿಗೆ ದುರ್ಬೀನು ಕಟ್ಟಿಕೊಳ್ಳಬಹುದು, ಹತ್ತು ಗುಂಡಿನಲ್ಲಿ ಏಳು ಕರಿ ಚಕ್ರಕ್ಕೆ ಬೀಳದಿದ್ದರೆ ಉಸ್ತಾದನ ಜಾಗ ಬೇರೆಯವರಿಗೆ. ಎರಡು ವರ್ಷದಿಂದ ಅವನ ಗುರಿ ತಪ್ಪುತ್ತಿತ್ತು. ಬಂದೂಕು ಹಳೆಯದಾಯಿತು ಎನ್ನುತ್ತಿದ್ದ. ಈಗ ದುರ್ಬೀನು ಒಂದು ಸಿಕ್ಕರೆ ಸಾಕು ಎಂದ.

ನನ್ನನ್ನೂ ಕರೆದುಕೊಂಡು ಕುಬ್ರಾ ಬೇಗಂ ಅವರ ಮನೆಗೆ ಹೋದ. ಅವರ ಗಂಡ ರಾಯಚೂರಿನಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವರು. ಶಿಕಾರಿ ಬಂದಾದ ಮೇಲೆ ಆ ಸಾಮಾನೆಲ್ಲ ಟ್ರಂಕಿನಲ್ಲಿ ಕೂತಿತ್ತು. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಬೇಗಂ ಎರಡು ದುರ್ಬೀನು ತೆಗೆದು ಚಾಪೆಯ ಮೇಲಿಟ್ಟರು. ಒಂದು ಉದ್ದನೆಯದು, ಒಂಬತ್ತು ಪಟ್ಟು ದೊಡ್ಡದು ಮಾಡಿ ತೋರಿಸುತ್ತದಂತೆ, ಮೈಮೇಲೆ ಒಂದು ಗೀರಿಲ್ಲ. ಇನ್ನೊಂದು ಗೇಣುದ್ದದ್ದು, ನಾಲ್ಕು ಪಟ್ಟಿನದು, ಬಣ್ಣ ಹೋಗಿ ಹಿತ್ತಾಳೆ ಕಾಣುತ್ತಿತ್ತು.

ನಾನು ರೇಟು ಕೇಳಿ ಮನಸ್ಸಿನಲ್ಲೇ ಕುರಿಗೆ ಹೊಂದಿಸಿದೆ. ದೊಡ್ಡದು ಹತ್ತು ಕುರಿ, ಸಣ್ಣದು ಮೂರು. ನಮ್ಮ ಹಿಂಡಿನಲ್ಲಿ ಅವನ ಪಾಲು ಇದ್ದದ್ದೇ ಹನ್ನೆರಡು.

"ದೊಡ್ಡದ ಕೊಡ್ರೀ ಬೇಗಂ ಸಾಬ್," ಎಂದ ಮಾಳಿಂಗಪ್ಪ.

"ಅರೆ, ಮದಿವಿ ಮಾಡಿಕೊಳ್ಳೋರಂಗ ಅವಸರ ಯಾಕ್ ಮಾಡ್ತಿ? ಎರಡೂ ಒಯ್ಯಿ, ಎಂಟು ದಿನ ನೋಡು. ನಮ್ಮ ಸಾಹೇಬರು ನೋಡದವರಿಗೆ ಒಂದೂ ಮಾರಿದವರಲ್ಲ."

ನಮ್ಮೂರು ಮಸರಕಲ್ಲಿಗೆ ಬಂದು ಬಂಡಿಯ ಮೇಲೆ ಜೋಳದ ಚೀಲವಿಟ್ಟು, ಅದರ ಮೇಲೆ ದುರ್ಬೀನು ಅಲುಗದಂತೆ ಕೂಡಿಸಿದೆವು. ಮಟಮಟ ಮಧ್ಯಾಹ್ನ ನಾನೂ ಕಣ್ಣಿಟ್ಟೆ. ದೊಡ್ಡದರಲ್ಲಿ ಗುಡ್ಡ ಹತ್ತಿರ ಬಂತು ನಿಜ, ಆದರೆ ಬಿಸಿಲೂ ದೊಡ್ಡದಾಯಿತು. ಕಲ್ಲುಗಳೆಲ್ಲ ನೀರಿನೊಳಗೆ ಬಿದ್ದಂತೆ ಅಲುಗಾಡುತ್ತಿದ್ದವು. ಸಣ್ಣದರಲ್ಲಿ ಕಲ್ಲು ಕಲ್ಲಿನಂತೆ ಕೂತಿತ್ತು. ಸಣ್ಣದೇ ಸಾಕು ಎಂದೆ.

"ನಿನಗ ಗೊತ್ತಾಗಂಗಿಲ್ಲಣ್ಣಾ, ನೀ ಕುರಿ ಕಾಯಾಂವ," ಎಂದ.

"ಕುರಿನ ನೋಡೂಣಂತ ತಮ್ಮಾ," ಎಂದೆ.

ನಮ್ಮಲ್ಲಿ ಒಂದೊಂದು ಮನೆತನದವರು ಕುರಿಯ ಕಿವಿಗೆ ಒಂದೊಂದು ಗುರುತು ಕೊಯ್ಯುತ್ತೇವೆ. ನಮ್ಮದು ಎಡಗಿವಿಯ ಕೆಳಗಡೆ ಎರಡು ಕಚ್ಚು. ಹಿಂಡು ಬೆರೆತರೆ ಕಿವಿ ನೋಡಿಯೇ ಬೇರೆ ಮಾಡುವುದು. ಸಂಜೆ ನೂರೈವತ್ತು ಹೆಜ್ಜೆ ಆಚೆ ಬೇವಿನ ಗಿಡಕ್ಕೆ ಒಂದು ಕುರಿ ಕಟ್ಟು ಎಂದು ನನ್ನ ಹೆಂಡತಿ ಕರೆಮ್ಮನಿಗೆ ಹೇಳಿದೆ. ಅವಳು ಕೈಗೆ ಸಿಕ್ಕದ್ದನ್ನು ಎಳೆದುಕೊಂಡು ಹೋಗಿ ಕಟ್ಟಿದಳು. ನನ್ನ ಮುಂದೆ ಹಾಯುವಾಗ ನೋಡಿದೆ. ಅದು ನಮ್ಮದಲ್ಲ. ಅರಕೇರಾದ ಯಮನಮ್ಮ ಈಯುವ ತನಕ ಇರಲಿ ಎಂದು ನಮ್ಮಲ್ಲಿ ಬಿಟ್ಟಿದ್ದ ಕುರಿ. ಅದರ ಎಡಗಿವಿಯ ತುದಿ ಸೀಳಿತ್ತು, ಕಚ್ಚು ಇರಲಿಲ್ಲ.

ಹೇಳಬೇಕೆಂದು ಬಾಯಿ ತೆರೆದೆ. ಯಾಕೋ ಹೇಳಲಿಲ್ಲ.

ಮಾಳಿಂಗಪ್ಪ ದೊಡ್ಡದಕ್ಕೆ ಬಲಗಣ್ಣಿಟ್ಟು, "ಎರಡು ಕಚ್ಚು. ಕೈಯಾಗ ಹಿಡದಂಗ ಕಾಣಾಕತ್ಯಾವ," ಎಂದ. ಸಣ್ಣದಕ್ಕಿಟ್ಟು, "ಇದರಾಗೂ ಎರಡು ಕಚ್ಚು. ಆದ್ರ ಅದರಷ್ಟು ಇಲ್ಲ," ಎಂದ.

ಎರಡರಲ್ಲೂ ಒಂದೇ ತಪ್ಪು ಕಂಡರೆ ದೋಷ ದುರ್ಬೀನಿನದಲ್ಲ, ಆ ಬಲಗಣ್ಣಿನದೇ ಇರಬೇಕು. ಅವನು ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ಬೇವಿನ ಗಿಡಕ್ಕೆ ಕಟ್ಟಿದ ಕುರಿ ನಮ್ಮದೇ ಎಂದು ಮನಸ್ಸು ಮೊದಲೇ ಹೇಳಿಬಿಟ್ಟಿತ್ತು. ಕಣ್ಣು ಕೇಳಿಕೊಂಡು ಸುಮ್ಮನಿತ್ತು. ಎರಡು ವರ್ಷದಿಂದ ಕರಿ ಚಕ್ರವನ್ನೂ ಹೀಗೇ ನೋಡುತ್ತಿದ್ದನೋ ಏನೋ.

"ಎಡಗಣ್ಣಿಲೆ ನೋಡು," ಎಂದೆ.

"ಯಾಕ? ಬಲಗಣ್ಣಿಗೆ ಏನಾಗ್ಯಾದ?"

"ನೋಡಲೇ."

ಸಿಟ್ಟಿನಿಂದಲೇ ಬಗ್ಗಿದ. ಸಣ್ಣದರಲ್ಲಿ ನೋಡಿದ. ಬಹಳ ಹೊತ್ತು ತಲೆ ಎತ್ತಲಿಲ್ಲ. ಮತ್ತೆ ಬಲಗಣ್ಣು, ಮತ್ತೆ ಎಡಗಣ್ಣು. ಆಮೇಲೆ ಚೀಲಕ್ಕೆ ಬೆನ್ನು ಹಚ್ಚಿ ಕೂತ.

"ಯಮನಮ್ಮನ ಕುರಿ," ಎಂದ. ನನ್ನ ಕಡೆ ತಿರುಗಿ, "ನಿನಗ ಮೊದಲ ಗೊತ್ತಿತ್ತು."

"ಕುರಿದು ಗೊತ್ತಿತ್ತು. ಕಣ್ಣಿಂದು ಈಗ ಗೊತ್ತಾತು."

ಕರೆಮ್ಮ ಕುರಿ ಬಿಚ್ಚಿಕೊಂಡು ಬಂದು, "ಏನು ಉಸ್ತಾದರ, ನಮ್ಮ ಕುರಿ ಪಾಸೋ ಫೇಲೋ?" ಎಂದಳು. ಅವನು ನಗಲಿಲ್ಲ.

ದೊಡ್ಡದು ಬೇಗಂ ಅವರ ಟ್ರಂಕಿಗೆ ವಾಪಸು ಹೋಯಿತು. ಸಣ್ಣದನ್ನು ಇಟ್ಟುಕೊಂಡ. ಆದರೆ ಎಡಗಣ್ಣಿನಲ್ಲಿ ನೋಡಬೇಕಾದರೆ ಬಂದೂಕು ಎಡಹೆಗಲಿಗೆ ಬರಬೇಕು. ಗುಂಡು ತುಂಬಲು ಎಳೆಯುವ ಅದರ ಹಿಡಿಕೆಯೋ ಬಲಗಡೆ. ಒಂದೊಂದು ಗುಂಡಿಗೂ ಕೈಯನ್ನು ಮೇಲಿಂದ ದಾಟಿಸಿ ಎಳೆಯಬೇಕು. ಐವತ್ತೆರಡರ ವಯಸ್ಸಿನಲ್ಲಿ ಮೂರು ತಿಂಗಳು ಅದನ್ನೇ ಕಲಿತ. ಅವನೇ ಕಲಿಸಿದ ಕನಕರಾಯ ಒಮ್ಮೆ ನಕ್ಕನಂತೆ. ಎರಡನೆಯ ಸಲ ನಗಲಿಲ್ಲವಂತೆ.

ಪಂದ್ಯದ ದಿನ ಮಾನ್ವಿ ರಸ್ತೆಯ ಆಚೆ ಗುಂಡು ಹೊಡೆಯುವ ಚಾಂದಮಾರಿ ಬಯಲಿಗೆ ನಾನೂ ಹೋದೆ. ಒಂದರ ಪಕ್ಕ ಒಂದು ಗುರಿಹಲಗೆ. ಮಾಳಿಂಗಪ್ಪನ ಪಕ್ಕದಲ್ಲೇ ಕನಕರಾಯ ಮಲಗಿದ್ದ. ಗುಂಡು ಬಿದ್ದರೆ ಹಲಗೆಯ ಕೆಳಗಿನ ತಗ್ಗಿನಿಂದ ಬಿಳಿ ಬಾವುಟ, ತಪ್ಪಿದರೆ ಕೆಂಪು. ಮಾಳಿಂಗಪ್ಪನ ಮೊದಲ ಮೂರು ಕೆಂಪು. ಆಮೇಲೆ ಬಂದೂಕು ಇಳಿಸಿ ಉಸಿರು ತೆಗೆದುಕೊಂಡ. ಬಿಳಿ, ಬಿಳಿ, ಬಿಳಿ. ನಾನು ಬೆರಳು ಮಡಚುತ್ತ ಹೋದೆ. ಆರು ಬಿಳಿ. ಇನ್ನೊಂದೇ ಗುಂಡು.

ಅವನದೂ ಕನಕರಾಯನದೂ ಒಂದೇ ಸದ್ದಾಗಿ ಹಾರಿದವು. ಮಾಳಿಂಗಪ್ಪನ ಹಲಗೆಯ ಕೆಳಗೆ ಬಿಳಿ ಬಾವುಟ ಎದ್ದಿತು. ಜನ ಚಪ್ಪಾಳೆ ತಟ್ಟಿದರು. ನಾನು ಏಳನೆಯ ಬೆರಳು ಮಡಚಿದೆ.

ಮಾಳಿಂಗಪ್ಪ ಎದ್ದು ನಿಂತ. "ಅದು ನಂದಲ್ಲರೀ," ಎಂದ.

ಬರೆದುಕೊಳ್ಳುತ್ತಿದ್ದ ಸಾಹೇಬರು, "ನಿಮ್ಮ ಹಲಗೆಗೇ ಬಿದ್ದಿದೆಯಲ್ಲ?" ಎಂದರು.

"ನನ್ನ ಗುಂಡು ಕೆಳಗ ಮಣ್ಣಿಗೆ ಬಿತ್ತು. ಧೂಳ ಎದ್ದಿದ್ದು ದುರ್ಬೀನಿನಾಗ ನೋಡೀನಿ. ಇದು ಪಕ್ಕದ ಹುಡುಗಂದು, ಹಲಗಿ ತಪ್ಪಿ ನನ್ನದಕ್ಕ ಹೊಡದಾನ."

ಕನಕರಾಯ ತಲೆ ತಗ್ಗಿಸಿ ಹೌದೆಂದ. ಅವನಿಗೆ ಆಗಲೇ ಎಂಟು ಆಗಿದ್ದವು. ಮಾಳಿಂಗಪ್ಪನಿಗೆ ಆರೇ ಬರೆದರು. ಉಸ್ತಾದನ ಜಾಗ ಕನಕರಾಯನಿಗೆ ಹೋಯಿತು.

ದೇವದುರ್ಗದ ಬಸ್ಸಿನಲ್ಲಿ ಊರಿಗೆ ಹೊರಟೆವು. ದಾರಿಯಲ್ಲಿ ನಾನು, "ಹತ್ತು ಕುರಿ ಕೊಟ್ಟು ದೊಡ್ಡದ ತಗೊಂಡಿದ್ರ ಏಳು ಬೀಳ್ತಿದ್ವೇನೋ," ಎಂದೆ.

"ಆ ಬಿಸಿಲಾಗ ಅದರೊಳಗ ಧೂಳ ಕಾಣ್ತಿದ್ದಿಲ್ಲಣ್ಣಾ. ಬಿಳಿ ಬಾವುಟ ನಂದ ಅಂತ ತಿಳಕೊಂಡು ಮನಿಗೆ ಬರ್ತಿದ್ದೆ," ಎಂದು ಕಿಟಕಿಯ ಕಡೆ ತಿರುಗಿದ.

ಮರುವರ್ಷ ಕನಕರಾಯ ಮಸರಕಲ್ಲಿಗೆ ಬಂದ. ದುರ್ಬೀನು ಕೊಳ್ಳಬೇಕು, ಯಾವುದು ತೆಗೆದುಕೊಳ್ಳಲಿ ಎಂದು ಕೇಳಿದ. ಉಸ್ತಾದರೇ ಎಂದೇ ಕರೆದ. ಮಾಳಿಂಗಪ್ಪ ತಡೆಯದೆ ತಿರುಗಿ ನೋಡಿದ. ಬಂಡಿಯ ಮೇಲೆ ಜೋಳದ ಚೀಲವಿಟ್ಟ. ಆಮೇಲೆ ಒಳಗೆ ಕೂಗಿದ:

"ಅತ್ತಿಗೀ, ಬೇವಿನ ಗಿಡಕ್ಕ ಒಂದು ಕುರಿ ಕಟ್ಟು. ಯಾರದಂತ ಹೇಳಬ್ಯಾಡ."