ಕಾಲುವೆ ಏರಿಯ ಮೇಲೆ ಗಾದ್ರಿ ಬದುಕಿದ್ದು

ಅದು ಎಂಬತ್ತೈದನೇ ಇಸವಿ. ಜಗಳೂರು ಸೀಮೆಯಲ್ಲಿ ಮಳೆ ಕೈಕೊಟ್ಟಿತ್ತು. ಬಿತ್ತಿದ ಶೇಂಗಾ ಮಣ್ಣಿನಲ್ಲೇ ಒಣಗಿತು. ಕುರಿಗಳಿಗೆ ಮೇವಿಲ್ಲ, ಮನುಷ್ಯರಿಗೆ ಕೂಲಿಯಿಲ್ಲ. ಎಷ್ಟೋ ಮನೆಯವರು ಗಂಟುಮೂಟೆ ಕಟ್ಟಿಕೊಂಡು ಬಸ್ಸು ಹತ್ತಿದರು. ಮೂಕಮ್ಮನೂ ಮಗ ಮಾರಪ್ಪ, ಸೊಸೆ ಕರಿಬಸಮ್ಮ, ಮೂರು ವರ್ಷದ ಮೊಮ್ಮಗಳು ಗಾದ್ರಿಯ ಜೊತೆ ಭತ್ತದ ನಾಟಿ ಕೆಲಸಕ್ಕೆಂದು ಸಾಸ್ವೆಹಳ್ಳಿ ಕಡೆ ಬಂದಳು. ಕಾಲುವೆ ಏರಿಯ ಮೇಲೆ ತೆಂಗಿನ ಗರಿಯ ಗುಡಿಸಲು ಹಾಕಿಕೊಂಡರು.

ಇಲ್ಲಿ ನೀರಿಗೆ ಬರವಿರಲಿಲ್ಲ. ಆದರೂ ಮೂಕಮ್ಮನ ಮನಸ್ಸೆಲ್ಲ ಊರಿನ ಸೇದೋ ಬಾವಿಯ ಕಟ್ಟೆಯ ಮೇಲೇ ಇತ್ತು. ಹೊಸ ಸೊಸೆಯಾಗಿ ಬಂದಾಗ ಬೆಳಗಾಗುತ್ತಲೇ ಅಲ್ಲಿ ಹಗ್ಗ ಹಿಡಿದು ನಿಲ್ಲುತ್ತಿದ್ದಳು. ಪಕ್ಕದ ಮನೆಯ ದುರುಗಕ್ಕ ತವರಿನ ಸುದ್ದಿ ಹೇಳಿ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದಳು. ಈ ಸಲ ಹೊರಡುವ ದಿನ ಬಗ್ಗಿ ನೋಡಿದರೆ ತಳದ ಬಂಡೆ ಕಂಡಿತ್ತು. ದುರುಗಕ್ಕ ಈಗ ಯಾವ ಊರಿನ ಗದ್ದೆಯಲ್ಲಿದ್ದಾಳೋ!

ಬಂದು ಹದಿನೈದು ದಿನವಾಗಿರಲಿಲ್ಲ, ಗಾದ್ರಿಗೆ ವಾಂತಿ ಭೇದಿ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಮಗುವಿನ ಕಣ್ಣು ಗುಳಿಬಿದ್ದವು. ನೀರು, ನೀರು ಎಂದು ಅತ್ತರೂ ಮೂಕಮ್ಮ ಕೊಡಲಿಲ್ಲ, ಕೊಡಲೂ ಬಿಡಲಿಲ್ಲ. ಕರಿಬಸಮ್ಮ ತಡೆಯಲಾರದೆ ಓಡಿಹೋಗಿ, ಊರೊಳಗೆ ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತಿದ್ದ ನರ್ಸ್ ಪ್ರೇಮಮ್ಮನನ್ನು ಕರೆತಂದಳು.

"ಕುಡಿಯಾಕೆ ಯಾವ ನೀರವ್ವಾ?" ಎಂದು ಪ್ರೇಮಮ್ಮ ಕೇಳಿದಳು.

"ಕಾಲುವೇದು. ಕನ್ನಡಿ ಹಂಗೆ ಐತಲ್ರೀ," ಎಂದಳು ಮೂಕಮ್ಮ.

"ಮೇಲ್ಗಡೆ ಅದರಾಗೇ ಎಮ್ಮೆ ತೊಳೀತಾರೆ. ಜನ ಇದೇ ಏರಿ ಮೇಲೆ ಬಯಲಕಡೆ ಹೋಗ್ತಾರೆ. ಆ ಹೊಲಸೆಲ್ಲಾ ಎಲ್ಲಿಗೆ ಬರುತ್ತೆ ಹೇಳ್ರಿ?"

ಮೂಕಮ್ಮ ಮಗುವನ್ನು ಮಡಿಲಿಗೆ ಎಳೆದುಕೊಂಡಳು. "ನಮ್ಮೂರ ಬಾವಿ ನೀರು ಕುಡಿದಾಗ ಹಿಂಗಾಗಿರಲಿಲ್ಲ ನರ್ಸಮ್ಮ. ಈಗ ನೀರು ಕೊಟ್ರೆ ಇನ್ನಷ್ಟು ಭೇದಿ ಆಗಲ್ವೇನ್ರೀ?"

"ಹೋದಷ್ಟು ನೀರು ತುಂಬಲೇಬೇಕವ್ವಾ. ಭೇದಿಯಾದ ಮಕ್ಕಳು ಸಾಯೋದು ಮೈಯಾಗಿನ ನೀರು ಬತ್ತಿ. ಬತ್ತೋದು ಅಂದ್ರೆ ಏನಂತ ನಿಮಗೆ ನಾನು ಹೇಳ್ಬೇಕಾ?"

ಮೂಕಮ್ಮ ಎದ್ದು ಒಲೆ ಹೊತ್ತಿಸಿದಳು.

ಒಂದು ಲೀಟರ್ ನೀರನ್ನು ಚೆನ್ನಾಗಿ ಕುದಿಸಿ ಆರಿಸಿದರು. ಪ್ರೇಮಮ್ಮ ಅದಕ್ಕೆ ಟೀ ಚಮಚದ ಅಂಚಿಗೆ ಸಮನಾಗಿ ಸವರಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕದಡಿದಳು. "ಅಳತೆ ತಪ್ಪಬಾರದು. ಒಂದೊಂದೇ ಚಮಚ ಕುಡಿಸ್ರಿ. ವಾಂತಿ ಆದ್ರೆ ಹತ್ತು ನಿಮಿಷ ಬಿಟ್ಟು ಮತ್ತೆ ಕುಡಿಸ್ರಿ. ಮಗು ಇನ್ನೂ ಕುಡೀತೈತೆ, ನಾನೂ ಇಲ್ಲೇ ಇರ್ತೀನಿ. ಸಂಜೆಗೆ ಚೇತರಿಸಿಕೊಳ್ಳದಿದ್ರೆ ಹೊನ್ನಾಳಿ ಆಸ್ಪತ್ರೆಗೆ ನಾನೇ ಕರಕೊಂಡು ಹೋಗ್ತೀನಿ," ಎಂದು ಅಲ್ಲೇ ಕೂತಳು.

ಚಮಚ, ಮತ್ತೊಂದು ಚಮಚ. ಮೂಕಮ್ಮನ ಕೈ ಸೋತರೆ ಕರಿಬಸಮ್ಮ ಕುಡಿಸಿದಳು. ಗದ್ದೆಯಿಂದ ಓಡಿಬಂದ ಮಾರಪ್ಪ ಉಸಿರು ಬಿಗಿಹಿಡಿದು ನಿಂತ. ಹೊತ್ತು ಇಳಿಯುವಾಗ ಅಜ್ಜಿಯ ಮಡಿಲು ಬೆಚ್ಚಗೆ ಒದ್ದೆಯಾಯಿತು.

"ಉಚ್ಚೆ ಹೊಯ್ತು ಕಣೇ ಕರಿಬಸೀ! ಮೈಯಾಗೆ ನೀರು ತುಂಬೈತೆ!" ಎಂದು ಮೂಕಮ್ಮ ಅಳುತ್ತಲೇ ನಕ್ಕಳು. ಗಾದ್ರಿ ಕಣ್ಣು ಬಿಟ್ಟು, "ಅಜ್ಜೀ, ಗಂಜಿ," ಎಂದಳು.

ಮರುವಾರ ಪಕ್ಕದ ಗುಡಿಸಲಿನ ಕೂಸಿಗೂ ಭೇದಿಯಾಯಿತು. ನರ್ಸಮ್ಮನಿಗೆ ಹೇಳಿಕಳಿಸಿ, ಸಕ್ಕರೆ ಉಪ್ಪು ಹಿಡಿದು ಮೊದಲು ಓಡಿದವಳು ಮೂಕಮ್ಮನೇ.

ಅಕ್ಕಂದಿರೇ, ಅಣ್ಣಂದಿರೇ, ಬರವೋ ನೆರೆಯೋ ಬಂದು ನೀವು ಊರು ಬಿಡಬೇಕಾಗಬಹುದು. ಹೋದಲ್ಲಿ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸಿ ಕುಡಿಯಿರಿ. ಭೇದಿಯಾದ ಮಗುವಿಗೆ ಎದೆಹಾಲು, ಗಂಜಿ ನಿಲ್ಲಿಸಬೇಡಿ. ಸಕ್ಕರೆ ಉಪ್ಪಿನ ನೀರು ಕೊಡಿ. ಕಣ್ಣು ಗುಳಿಬಿದ್ದರೆ, ರಕ್ತ ಹೋದರೆ, ಮಗು ಕುಡಿಯಲಾರದೆ ಹೋದರೆ ತಡಮಾಡದೆ ಆಸ್ಪತ್ರೆಗೆ ಓಡಿ. ನಿಮ್ಮೂರಿಗೇ ಯಾರಾದರೂ ಹೀಗೆ ಗಂಟು ಹೊತ್ತು ಬಂದರೆ, ಒಳ್ಳೆಯ ನೀರು ಎಲ್ಲಿದೆ ಎಂದು ಮೊದಲ ದಿನವೇ ಜೊತೆಗೆ ಹೋಗಿ ತೋರಿಸಿ.