ಪುಸ್ತಕಕ್ಕೊಂದು ಅಂಗಿ

ನಮ್ಮ ಮನೆಯಲ್ಲಿ ಹುಟ್ಟುಹಬ್ಬದ ಉಡುಗೊರೆಗೆ ಒಂದು ಕಾನೂನಿದೆ. ಕೊಟ್ಟ ವಸ್ತುವನ್ನು ಅಂದೇ, ಕತ್ತಲಾಗುವ ಮೊದಲು, ಕೊಟ್ಟವರ ಕಣ್ಣೆದುರಿಗೇ ಬಳಸಬೇಕು. ಬೀರುವಿನಲ್ಲಿಟ್ಟು ಬೀಗ ಹಾಕುವ ಹಾಗಿಲ್ಲ, ಆಮೇಲೆ ನೋಡೋಣ ಅನ್ನುವ ಹಾಗಿಲ್ಲ. ಕಾನೂನು ಮಾಡಿದವರು ನನ್ನ ಅತ್ತೆ. ಅವರು ಮಾಡಿದ ಮೇಲೆ ಮುಗಿಯಿತು, ಅದಕ್ಕೆ ತಿದ್ದುಪಡಿ ಇಲ್ಲ. ಒಂದು ಸಲ ಮಾವನಿಗೆ ಯಾರೋ ಕೊಡೆ ಕೊಟ್ಟರು. ಮೋಡದ ಚೂರೂ ಇಲ್ಲದ ಮಧ್ಯಾಹ್ನ ಅದನ್ನು ಬಿಚ್ಚಿ ಹಿಡಿದು ಬೀದಿಯ ತುದಿಯವರೆಗೆ ಹೋಗಿ ಬಂದರು ಪಾಪ.

ಅತ್ತೆ ಟೈಲರ್. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಬೀದಿಯವರಿಗೆಲ್ಲ ಅವರು ಮಾಸ್ಟರಮ್ಮ. ಕೊರಳಲ್ಲಿ ಟೇಪು ನೇತಾಡುತ್ತಿರುತ್ತದೆ, ಆದರೆ ಅದು ಬರೀ ಶೋಕಿಗೆ, ಅಳತೆಯೆಲ್ಲ ಕಣ್ಣಲ್ಲೇ. ಹೊಸ್ತಿಲು ದಾಟುವ ಗಿರಾಕಿಗೆ "ಹೋದ ಸಲಕ್ಕಿಂತ ಸೊಂಟ ದಪ್ಪ ಆಗಿದೆ ನಿಮಗೆ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ. ಗಿರಾಕಿ ನಗುನಗುತ್ತಲೇ ಒಪ್ಪಿಕೊಳ್ಳುತ್ತಾಳೆ, ಯಾಕೆಂದರೆ ಆ ಕಣ್ಣು ಇದುವರೆಗೆ ತಪ್ಪಿದ್ದನ್ನು ಯಾರೂ ನೋಡಿಲ್ಲ. ಮೆಷಿನ್ನಿನ ಹಿಂದಿನ ಕಪಾಟಿನಲ್ಲಿ ಅವರ ಆಸ್ತಿಯಿದೆ: ಗಾಜಿನ ಬಾಟಲಿಗಳಲ್ಲಿ ಬಣ್ಣಬಣ್ಣದ ಗುಂಡಿಗಳು, ಲೇಸಿನ ಸುರುಳಿಗಳು, ಅಂಗೈಯಷ್ಟೇ ಅಗಲದ ವೆಲ್ವೆಟ್ ತುಂಡುಗಳು. ಅದರಲ್ಲಿ ಯಾವುದನ್ನು ಮುಟ್ಟಬೇಕಾದರೂ ಅಪ್ಪಣೆ ಬೇಕು.

ನಾನು ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅತ್ತೆಗೆ ಕಾದಂಬರಿ ಹೊತ್ತು ತರುವುದು ನನ್ನ ಪಾಲಿನ ಸೇವೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೆಷಿನ್ ಮೇಲೆಯೇ ಪುಸ್ತಕ ಒರಗಿಸಿಕೊಂಡು, ಯಾವ ಪಾತ್ರವನ್ನೂ ಬಿಡದೆ ಬೈಯುತ್ತಾ ಓದುತ್ತಾರೆ. ಮೆಷಿನ್ನಿಗೆ ಎಣ್ಣೆ ಬಿಟ್ಟ ಕೈಯಲ್ಲೇ ಪುಟ ತಿರುಗಿಸುತ್ತಾರೆ. ಅವರು ಓದಿದ ಪುಸ್ತಕದ ರಟ್ಟಿನ ಮೇಲೆ ಹೆಬ್ಬೆರಳಿನ ಗುರುತು ಖಾಯಂ. ಲೈಬ್ರರಿಯಲ್ಲಿ ನನ್ನ ಮೇಲಧಿಕಾರಿ ಆ ಗುರುತು ನೋಡಿ, "ನಿಮ್ಮತ್ತೆಗೆ ಇದೂ ಮುಗೀತಾ?" ಎಂದು ಕೇಳಿದಾಗ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಹಾಗಾಗಿ ಅತ್ತೆಯ ಹುಟ್ಟುಹಬ್ಬಕ್ಕೆ ಪುಸ್ತಕಕ್ಕೆ ತೊಡಿಸುವ ಒಂದು ಬಟ್ಟೆಯ ಹೊದಿಕೆ ಹೊಲಿಯೋಣ ಎಂದುಕೊಂಡೆ. ಇದು ಮೇಲಿನ ಕಾರಣ. ಒಳಗಿನ ಕಾರಣ ಬೇರೆ. ನಮ್ಮ ಮನೆಯ ಪರದೆ ಅತ್ತೆ ಹೊಲಿದದ್ದು, ದಿಂಬಿನ ಚೀಲ ಅತ್ತೆ ಹೊಲಿದದ್ದು, ನನ್ನ ಗಂಡನ ಅಂಗಿ, ನನ್ನ ಕೋಟು, ಅಷ್ಟೇಕೆ, ಮಿಕ್ಸಿಯ ಮೇಲಿನ ಹೊದಿಕೆ ಕೂಡ. ಎಲ್ಲಿ ಕೈಯಿಟ್ಟರೂ ಅವರ ಹೊಲಿಗೆ. ಈ ಮನೆಯಲ್ಲಿ ನನ್ನ ಕೈಯಿಂದಾದ ವಸ್ತು ಒಂದಾದರೂ ಇರಬೇಕು, ದಿನಾ ಯಾರಾದರೂ ಅದನ್ನು ಮುಟ್ಟಬೇಕು ಎಂಬ ಆಸೆ ನನ್ನನ್ನು ಹುಳದ ಹಾಗೆ ಕೊರೆಯುತ್ತಿತ್ತು. ಆಸೆ ಸಣ್ಣದು, ಒಪ್ಪುತ್ತೇನೆ. ಆದರೆ ನನ್ನದು.

ನನಗೆ ಹೊಲಿಗೆ ಬರುವುದಿಲ್ಲ. ಬರುವುದಿಲ್ಲವಾದರೆ ಕಲಿತರಾಯಿತು ಎನ್ನುವ ಜಾತಿ ನನ್ನದು. ಊಟದ ಬಿಡುವಿನಲ್ಲಿ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕೂತು, ದಪ್ಪ ನೀಲಿ ಬಟ್ಟೆ ತಂದು ಕೈಯಲ್ಲೇ ಹೊಲಿದೆ. ಬೆರಳಿಗೆಲ್ಲ ಸೂಜಿ ಚುಚ್ಚಿಕೊಂಡೆ. ಎಡಬದಿಯ ಹೊಲಿಗೆ ಕುಡಿದವನ ನಡಿಗೆಯಾಯಿತು. ಬಲಬದಿಯನ್ನು ಹೊಲಿಯದೆ ಸಡಿಲ ಬಿಟ್ಟೆ. ಅಲ್ಲಿ ಬಟ್ಟೆಯನ್ನು ಎಷ್ಟು ಬೇಕೋ ಅಷ್ಟು ಮಡಚಿ ರಿಬ್ಬನ್ನಿನಿಂದ ಕಟ್ಟಿಕೊಳ್ಳಬಹುದು. ಎತ್ತರದಲ್ಲೂ ಧಾರಾಳವಾಗಿ ಬಟ್ಟೆ ಬಿಟ್ಟಿದ್ದೆ. ಕನ್ನಡಕ ಇಡಲು ಒಂದು ಜೇಬು. ಮುಗಿದ ದಿನ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಭೇಷ್ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಹುಟ್ಟುಹಬ್ಬ ಭಾನುವಾರ ಬಂತು. ಉಡುಗೊರೆ ಬಿಚ್ಚುವಾಗ ಅತ್ತೆಯನ್ನು ನೋಡಬೇಕು. ಗಿರಾಕಿಗಳನ್ನು ಗದರಿಸುವ ಹೆಂಗಸು ಇವರೇನಾ ಅನ್ನಿಸಬೇಕು. ಕಾಗದವನ್ನು ಹರಿಯದ ಹಾಗೆ ಬಿಡಿಸಿ ಮಡಚಿಡುತ್ತಾರೆ, ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ, ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಮಾವ ಕೊಟ್ಟದ್ದು ಮೆಷಿನ್ನಿಗೆ ಸಿಕ್ಕಿಸುವ ಪುಟ್ಟ ದೀಪ. ಹಾಡಹಗಲೇ ಅದನ್ನು ಸಿಕ್ಕಿಸಿ ಉರಿಸಿದ್ದಾಯಿತು. ಅವರ ತಂಗಿ ಕಳಿಸಿದ್ದು ಒಂದು ಬಾಟಲಿ ಚಿಪ್ಪಿನ ಗುಂಡಿ. ಅದನ್ನು ಹಾಸಿಗೆಯ ಮೇಲೆ ಸುರಿದು, ಬಿಳಿಯಲ್ಲೇ ಎಷ್ಟು ಬಿಳಿಯಿದೆ ಎಂದು ನಮಗೆಲ್ಲ ತೋರಿಸಿ, ಒಂದನ್ನು ಮಾವನ ಅಂಗಿಗೆ ಅಲ್ಲೇ ಹೊಲಿದರು. ಅಂಗಿಯ ಗುಂಡಿಗಳೆಲ್ಲ ನೆಟ್ಟಗಿದ್ದವು, ಹಾಗಾಗಿ ಇದನ್ನು ಜೇಬಿನ ಮೇಲೆ ಹಚ್ಚಿದರು. ನನ್ನ ಗಂಡ ಕೊಟ್ಟದ್ದು ಮರದ ಹಿಡಿಯ, ಹೊಲಿಗೆ ಬಿಚ್ಚುವ ಕೊಕ್ಕೆ. "ಇದಕ್ಕೂ ಏನಾದ್ರೂ ಕೆಲಸ ಹುಡುಕಬೇಕು" ಎಂದು ಅತ್ತೆ ಅದನ್ನು ಸೆರಗಿಗೆ ಒರೆಸಿ ಪಕ್ಕಕ್ಕಿಟ್ಟುಕೊಂಡರು.

ಕೊನೆಗೆ ನನ್ನದು. ಅತ್ತೆ ಬಿಡಿಸಿದರು, ನೋಡಿದರು, ಓದುತ್ತಿದ್ದ ಕಾದಂಬರಿಯನ್ನು ತಂದು ಅದರೊಳಗೆ ತೂರಿಸಿದರು.

"ಪುಸ್ತಕಕ್ಕೆ ಅಂಗಿ ತೊಡಿಸಿದ್ದೀಯಲ್ಲ. ನೀನೇ ಹೊಲಿದದ್ದಾ?"

"ನಾನೇ ಅತ್ತೆ."

"ಎಷ್ಟು ದಿನದಿಂದ ಕದ್ದುಮುಚ್ಚಿ ಹೊಲೀತಿದ್ದೆ?" ಎಂದು ನನ್ನ ಕೆನ್ನೆ ಹಿಡಿದು ಅಲ್ಲಾಡಿಸಿದರು. ಕಣ್ಣು ಸ್ವಲ್ಪ ಒದ್ದೆಯಾಗಿತ್ತು, ಸುಳ್ಳಲ್ಲ. ನಾನು ನೆಲದ ಮೇಲೆ ಕಾಲಿಡದೆ ಚಹಾ ಮಾಡಲು ಒಳಗೆ ಹೋದೆ.

ಲೋಟಗಳನ್ನು ಹಿಡಿದು ಬಂದು ನೋಡಿದರೆ ಹೊಸ ಕೊಕ್ಕೆಗೆ ಕೆಲಸ ಸಿಕ್ಕಿತ್ತು. ನನ್ನ ಹೊದಿಕೆ ಅತ್ತೆಯ ಮಡಿಲಲ್ಲಿ ತುಂಡುತುಂಡಾಗಿ ಬಿದ್ದಿತ್ತು. ಜೇಬು ಒಂದು ಕಡೆ, ರಿಬ್ಬನ್ ಇನ್ನೊಂದು ಕಡೆ. ನಾನು ಹೊಲಿದ ದಾರವೆಲ್ಲ ನೆಲದ ಮೇಲೆ.

"ಏನು ಮಾಡಿದ್ರಿ ಅತ್ತೆ?"

"ಎಡಗಡೆ ಓರೆಯಾಗಿತ್ತು. ಬಲಗಡೆ ಹೊಲಿಯೋಕೇ ಮರೆತಿದ್ದೀಯ. ಎತ್ತರವಂತೂ ಕೇಳಲೇಬೇಡ, ಒಳ್ಳೇ ಬಟ್ಟೆ ದಂಡ, ಒಳಗೆ ಮಡಚಿ ಹೊಲೀತೀನಿ. ಕೂತ್ಕೋ, ಎರಡು ನಿಮಿಷದ ಕೆಲಸ." ಅವರ ಮುಖದಲ್ಲಿ ಉಪಕಾರ ಮಾಡುವವರ ಸಂಭ್ರಮವಿತ್ತು. ಹೊಸ ದೀಪ ಹೊತ್ತಿಸಿದರು, ಮೆಷಿನ್ ಗಡಗಡ ಓಡಿತು. ಚಹಾ ಆರುವುದರೊಳಗೆ ಹೊದಿಕೆ ಸಿದ್ಧ. ಹೊಲಿಗೆ ಗೆರೆ ಎಳೆದ ಹಾಗಿತ್ತು. ಕಾದಂಬರಿ ಅದರೊಳಗೆ ಒಂದಿಷ್ಟೂ ಅಲುಗದೆ ಕೂತಿತ್ತು. ಅಂಚಿಗೆ ಲೇಸು ಬೇರೆ.

ಅಳು ಬಂತು, ಆದರೆ ಅದಕ್ಕಿಂತ ಮೊದಲು ಕೋಪ ಬಂತು. ನನಗೆ ಯಾವಾಗಲೂ ಅದೇ ಮೊದಲು ಬರುವುದು.

"ತುಂಬಾ ಚೆನ್ನಾಗಿದೆ ಅತ್ತೆ," ಎಂದೆ. "ನಿಮ್ಮ ಹುಟ್ಟುಹಬ್ಬಕ್ಕೆ ನೀವೇ ಉಡುಗೊರೆ ಕೊಟ್ಕೊಂಡ್ರಿ. ನನ್ನದು ಇನ್ನೂ ಬಾಕಿ ಇದೆ ಅಂತಾಯ್ತು."

ಅತ್ತೆಯ ಕಾಲು ಮೆಷಿನ್ನಿನ ಪೆಡಲ್ ಮೇಲೆಯೇ ನಿಂತಿತು. ನನ್ನ ಗಂಡ ಸಮಾಧಾನಕ್ಕೆ ಹೊರಟ. "ಇರಲಿ ಬಿಡು, ಅಮ್ಮ ಸರಿಮಾಡಿದ್ದಾರಷ್ಟೇ ಅಲ್ವಾ."

"ನೀನು ಕೇಕ್ ತಿನ್ನಪ್ಪ," ಎಂದರು ಮಾವ, ಜೇಬಿನ ಮೇಲಿನ ಗುಂಡಿಯನ್ನು ಸವರುತ್ತಾ.

ಮಾತು ಬಿಡುವುದು, ಮುಖ ಗಂಟು ಹಾಕುವುದು ನನಗಾಗದ ಕೆಲಸ. ಮರುದಿನದಿಂದ ಎಂದಿನಂತೆಯೇ ಇದ್ದೆ. ಪುಸ್ತಕ ತರುವುದನ್ನೂ ನಿಲ್ಲಿಸಲಿಲ್ಲ. ಆದರೆ ಆ ಕಾದಂಬರಿ ಮುಗಿದ ಮೇಲೆ ಅದಕ್ಕಿಂತ ನಾಲ್ಕು ಬೆರಳು ಎತ್ತರದ, ಇಟ್ಟಿಗೆಯಷ್ಟು ದಪ್ಪದ ಇನ್ನೊಂದನ್ನು ತಂದೆ. ಬೇಕೆಂದೇ ತಂದೆ. ಅತ್ತೆ ಅದನ್ನು ಹೊದಿಕೆಗೆ ತುರುಕಲು ನೋಡಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ತರಕಾರಿ ಹೆಚ್ಚುತ್ತಾ ಕಣ್ಣ ತುದಿಯಲ್ಲಿ ನೋಡಿದೆ. ಪುಸ್ತಕದ ತಲೆ ಹೊರಗೇ ಉಳಿಯಿತು. ಅದರ ನಂತರ ತೆಳ್ಳಗಿನ, ಪುಟ್ಟ ಪುಸ್ತಕವೊಂದನ್ನು ತಂದೆ. ಅದು ಹೊದಿಕೆಯೊಳಗಿಂದ ಜಾರಿ ಜಾರಿ ಮೆಷಿನ್ನಿನ ಕೆಳಗೆ ಬೀಳುತ್ತಿತ್ತು. ರಟ್ಟಿನ ಮೇಲೆ ಹೆಬ್ಬೆರಳಿನ ಗುರುತು ಮತ್ತೆ ಶುರುವಾಯಿತು.

ಒಂದು ಮಧ್ಯಾಹ್ನ ತಲೆಯೆತ್ತಿ ನೋಡುತ್ತೇನೆ, ಲೈಬ್ರರಿಯ ಬಾಗಿಲಲ್ಲಿ ಅತ್ತೆ. ಕೊರಳಲ್ಲಿ ಟೇಪು, ಕೈಯಲ್ಲಿ ಚೀಲ. ಇಷ್ಟು ವರ್ಷ ಪುಸ್ತಕ ಓದಿದವರು ಲೈಬ್ರರಿಯ ಹೊಸ್ತಿಲು ತುಳಿದದ್ದು ಅದೇ ಮೊದಲು. ಅಂಗಡಿ ಮುಚ್ಚಿ ಬರಲು ಪುರುಸೊತ್ತೇ ಇರುತ್ತಿರಲಿಲ್ಲ. ನನ್ನ ಮೇಜಿನ ಹತ್ತಿರ ಬರಲಿಲ್ಲ. ಕಪಾಟುಗಳ ನಡುವೆ ನಿಧಾನವಾಗಿ ನಡೆದರು. ಎತ್ತರದ್ದು, ಗಿಡ್ಡದ್ದು, ಹೊಟ್ಟೆ ಬಂದದ್ದು, ಕಡ್ಡಿಯಂಥದ್ದು, ಎಲ್ಲದರ ಮೇಲೂ ಅವರ ಕಣ್ಣು ಹರಿಯುವುದನ್ನು ನಾನು ಕೂತಲ್ಲಿಂದಲೇ ನೋಡಿದೆ. ಗಿರಾಕಿಗಳನ್ನು ಅಳೆಯುವ ಕಣ್ಣು. ಆಮೇಲೆ ಬಂದು ನನ್ನೆದುರು ಕೂತರು.

"ಒಂದರ ಅಳತೆ ಒಂದಕ್ಕಿಲ್ಲ ಇಲ್ಲಿ," ಎಂದರು.

"ಇಲ್ಲ ಅತ್ತೆ."

"ಹಾಗಾದ್ರೆ ನೀನು ಬಲಗಡೆ ಸಡಿಲ ಬಿಟ್ಟದ್ದು ಬೇಕಂತಲೇ. ಎತ್ತರನೂ."

"ಹೌದು. ಯಾವ ಪುಸ್ತಕ ತಂದ್ರೂ ಆಗ್ಲಿ ಅಂತ."

"ಹೇಳಬಾರದಿತ್ತಾ?"

"ನೀವು ಕೇಳಲಿಲ್ವಲ್ಲ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಆ ಮನೇಲಿ ಎಲ್ಲಾ ನಿಮ್ಮ ಕೈಯದ್ದೇ ಅತ್ತೆ. ಒಂದಾದ್ರೂ ನಂದಿರ್ಲಿ ಅಂತ ಆಸೆ ಇತ್ತು. ಓರೆಯಾಗಿದ್ರೂ ಪರವಾಗಿಲ್ಲ, ನಂದಿರ್ಲಿ ಅಂತ."

ಅತ್ತೆ ಮೇಜಿನ ಮೇಲಿದ್ದ ನನ್ನ ಕೈ ನೋಡಿದರು. ಸೂಜಿ ಚುಚ್ಚಿದ ಗುರುತುಗಳು ಬೆರಳಲ್ಲಿ ಇನ್ನೂ ಮಸುಕಾಗಿ ಕಾಣುತ್ತಿದ್ದವು. ಹೆಬ್ಬೆರಳಿನಿಂದ ಅವನ್ನು ಒಂದು ಸಲ ಸವರಿದರು.

"ಓರೆ ಅಂತೂ ಆಗಿತ್ತು," ಎಂದರು. ಅದನ್ನು ಬಿಟ್ಟುಕೊಡುವ ಪೈಕಿ ಅಲ್ಲ ಅವರು. ಆಮೇಲೆ ಚೀಲದಿಂದ ಹೊದಿಕೆ ತೆಗೆದು, ಅದರ ಮೇಲೆ ಕೊಕ್ಕೆಯಿಟ್ಟು ನನ್ನ ಕಡೆ ತಳ್ಳಿದರು. "ಬಿಚ್ಚು."

ಮಾಸ್ಟರಮ್ಮನ ಹೊಲಿಗೆಯನ್ನು ಇನ್ನೊಬ್ಬರು ಬಿಚ್ಚಿದ್ದು ನಮ್ಮ ಬೀದಿಯಲ್ಲಿ ಯಾರೂ ಕಂಡಿಲ್ಲ, ಕೇಳಿಲ್ಲ. ನಾನು ಬಿಚ್ಚಿದೆ. ಗಟ್ಟಿ ಹೊಲಿಗೆ, ಸುಲಭಕ್ಕೆ ಬರಲಿಲ್ಲ. ಪ್ರತಿ ಸಲ ದಾರ ಟಕ್ ಎಂದಾಗಲೂ ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದರು. ಆದರೆ ಎದ್ದು ಹೋಗಲಿಲ್ಲ. ನನಗೆ ಅವರ ಮೇಲೆ ಅಷ್ಟು ಪ್ರೀತಿ ಯಾವತ್ತೂ ಬಂದಿರಲಿಲ್ಲ.

ಮುಂದಿನ ಭಾನುವಾರ ಅವರ ಅಂಗಡಿಯಲ್ಲೇ, ಅವರ ಪಕ್ಕದ ಸ್ಟೂಲಿನ ಮೇಲೆ ಕೂತು ಮತ್ತೆ ಹೊಲಿದೆ. ಕಪಾಟು ತೆರೆದು, "ಏನು ಬೇಕೋ ತಗೋ" ಎಂದರು. ಅಪ್ಪಣೆ ಸಿಕ್ಕಿದ ಮೇಲೆ ನಾನು ಸಂಕೋಚಪಡುವವಳಲ್ಲ. ವೆಲ್ವೆಟ್ಟಿನಲ್ಲಿ ಅತ್ಯುತ್ತಮವಾದ ಕೆಂಪು ತುಂಡು ಜೇಬಿಗೆ, ಚಿಪ್ಪಿನ ಗುಂಡಿಗಳಲ್ಲಿ ಅವರಿಗೆ ಅತಿ ಇಷ್ಟವಾದದ್ದು ಮುಂಭಾಗಕ್ಕೆ. ಅವರು ಗುಂಡಿಯ ಬಾಟಲಿಯ ಮುಚ್ಚಳವನ್ನು ಬೇಗ ಬೇಗ ಬಿಗಿದಿಟ್ಟರು. ಎಡಬದಿ ಈ ಸಲವೂ ಓರೆಯಾಗಿಯೇ ಹೋಯಿತು. ಮೊದಲಿಗಿಂತ ಸ್ವಲ್ಪ ಕಡಿಮೆ, ಅದನ್ನು ಯಾರು ಬೇಕಾದರೂ ನೋಡಿ ಹೇಳಬಹುದು.

ಮುಗಿಸಿ ಕೊಟ್ಟೆ. ಅಷ್ಟರಲ್ಲಿ ಕೋಟು ಬಿಗಿಯಾಯಿತೆಂದು ತಂದಿದ್ದ ಒಬ್ಬ ಗಿರಾಕಿ ನನ್ನ ಹೊದಿಕೆಯನ್ನು ಎತ್ತಿ ನೋಡಿ, "ಕೆಲಸ ಕಲಿಯೋಕೆ ಯಾರನ್ನಾದ್ರೂ ಇಟ್ಕೊಂಡಿದ್ದೀರಾ ಮಾಸ್ಟರಮ್ಮ?" ಎಂದರು.

"ಕೆಳಗಿಡಿ ಅದನ್ನ," ಎಂದರು ಅತ್ತೆ. "ಅದು ನನ್ನ ಸೊಸೆ ಹೊಲಿದದ್ದು. ನನಗೆ."

ಗಿರಾಕಿ ಕೆಳಗಿಟ್ಟು ಹೋದರು. ಅತ್ತೆ ದಪ್ಪ ಪುಸ್ತಕಕ್ಕೆ ಹೊದಿಕೆ ತೊಡಿಸಿ, ಬಲಬದಿ ಮಡಚಿ ರಿಬ್ಬನ್ ಕಟ್ಟಿ, ಓದಲು ಕೂತರು. ಎಡಬದಿಯ ಓರೆ ಹೊಲಿಗೆಯಿಂದ ಒಂದು ದಾರ ಹೊರಗೆ ಇಣುಕುತ್ತಿತ್ತು. ಅವರ ಕಣ್ಣು ಪುಟದಿಂದ ದಾರಕ್ಕೆ, ದಾರದಿಂದ ಪುಟಕ್ಕೆ ಓಡಾಡಿತು. ಕೈ ಮೆಲ್ಲಗೆ ಕತ್ತರಿಯ ಕಡೆ ಹೊರಟಿತು. ಅರ್ಧದಾರಿಯಲ್ಲಿ ನಿಂತಿತು. ನನ್ನನ್ನು ನೋಡದೆ ಆ ಕೈಯನ್ನು ತೊಡೆಯ ಕೆಳಗಿಟ್ಟು ಅದರ ಮೇಲೆ ಗಟ್ಟಿಯಾಗಿ ಕೂತರು. ಪುಟ ಮುಗಿದಾಗ ಆ ಕೈ ಹೊರಗೆ ತೆಗೆಯಲು ಧೈರ್ಯ ಸಾಲಲಿಲ್ಲವೋ ಏನೋ, "ಒಂಚೂರು ತಿರುಗಿಸಿಕೊಡು" ಎಂದರು. ನಾನು ತಿರುಗಿಸಿಕೊಟ್ಟೆ.